ಕೊಂಬಿನ ಮೇಲೆ ಕೂತ ವೈದ್ಯೆ

ಬೆಳ್ಳಕ್ಕಿಯೊಂದು ಎಮ್ಮೆಗಳಿಗೆ ಒಂಟಿಯಾಗಿ ವೈದ್ಯ ಮಾಡಿಕೊಂಡಿತ್ತು. ರಕ್ತ ಹೀರುವ ಉಣ್ಣೆ ಹೆಕ್ಕುವುದು, ಗಾಯದ ಹುಳ ತೆಗೆಯುವುದು ಅದರ ಕೆಲಸ. ಒಂದು ದಿನ ಕೆರೆಯ ದೊಡ್ಡ ಬೆಳ್ಳಕ್ಕಿ ಹಿಂಡಿನ ಯಜಮಾನ ಹಾರಿಬಂದ.

"ನಮ್ಮ ಜೊತೆ ಸೇರಿಬಿಡಮ್ಮ. ನಿನ್ನ ಗಂಡನನ್ನು ಗಿಡುಗ ಎತ್ತಿಕೊಂಡು ಹೋಯಿತು. ಒಂಟಿಯಾಗಿದ್ದರೆ ನಿನಗೂ ಅದೇ ಗತಿ. ನಮ್ಮಲ್ಲಿ ಕಾವಲಿಗೇ ನಾಲ್ಕು ಹಕ್ಕಿಗಳಿವೆ."

ಬೆಳ್ಳಕ್ಕಿಗೆ ಆಸೆಯಾಯಿತು. ಪಕ್ಕದಲ್ಲಿ ಮೇಯುತ್ತಿದ್ದ ಎಮ್ಮೆಯನ್ನು ತೋರಿಸಿ ಕೇಳಿತು: "ಈ ಮುದಿ ಎಮ್ಮೆಯನ್ನು ನನಗೇ ಬಿಡ್ತೀರಾ?"

"ಯಾವ ಎಮ್ಮೆ ಯಾರಿಗೆ ಅಂತ ಬೆಳಿಗ್ಗೆ ನಾನು ಹೇಳ್ತೀನಿ. ಎಲ್ಲ ಎಮ್ಮೆಗೂ ಸಮನಾಗಿ ಅಷ್ಟಷ್ಟೇ ಹೊತ್ತು."

"ಇವಳಿಗೆ ಒಂದು ಕಿವಿ ಆಗಲೇ ಕಿವುಡು. ಇನ್ನೊಂದರೊಳಗೆ ಉಣ್ಣೆ ಕೂತಿದೆ. ಕೊಂಬಿನ ಮೇಲೆ ಸುಮ್ಮನೆ ಕಾಯಬೇಕು, ಇವಳಾಗಿ ಕಿವಿ ಬಗ್ಗಿಸಿದ ಮೇಲೇ ಕೊಕ್ಕು ಹಾಕಬೇಕು."

"ಸುಮ್ಮನೆ ಕೂರೋದೂ ಒಂದು ವೈದ್ಯವೇನಮ್ಮ? ಬೆನ್ನಿನ ಮೇಲಿನ ಉಣ್ಣೆ ಹೆಕ್ಕಿ ಮುಂದಿನ ಎಮ್ಮೆಗೆ ಹೋಗೋದಪ್ಪ!"

ಎಮ್ಮೆ ಮೇವು ಬಿಟ್ಟು ತಲೆಯೆತ್ತಿತು. "ಹೋಗೇ ಹುಚ್ಚಿ. ಕಿವಿ ಹೋದ್ರೆ ಹೋಗಲಿ. ನಿನ್ನನ್ನೇ ಗಿಡುಗ ಎತ್ತಿಕೊಂಡು ಹೋದ್ರೆ, ಇದ್ದ ಕಿವಿಯಲ್ಲಿ ನಾನು ಯಾರ ಮಾತು ಕೇಳಲಿ?"

ಬೆಳ್ಳಕ್ಕಿ ಕೆರೆಯ ಕಡೆ ನೋಡಿತು. ಅಲ್ಲಿ ನೂರು ಬಿಳಿ ರೆಕ್ಕೆಗಳು ನಿಶ್ಚಿಂತೆಯಾಗಿದ್ದವು. ಆಮೇಲೆ ಎಮ್ಮೆಯ ಕೊಂಬೇರಿ ಕೂತಿತು.

ಯಜಮಾನ ಕಾದು ಬೇಸತ್ತು ಹಾರಿಹೋದ. ಎಮ್ಮೆ ಬಹಳ ಹೊತ್ತು ಬೈಯುತ್ತಲೇ ಮೇಯಿತು. ಕೊನೆಗೆ ಮೆಲ್ಲಗೆ ಕಿವಿ ಬಗ್ಗಿಸಿ ಹೇಳಿತು:

"ನೀನು ಒಳಗೆ ನೋಡು. ಆಕಾಶ ನಾನು ನೋಡ್ಕೊಳ್ತೀನಿ."