ಹೆಬ್ಬಾತಿನ ಹೊಟ್ಟೆ

ಪ್ರತಿ ಚಳಿಗಾಲಕ್ಕೂ ಹಿಮದ ಬೆಟ್ಟಗಳ ಆಚೆಯಿಂದ ನಮ್ಮ ಕೆರೆಗಳಿಗೆ ನೆಂಟರು ಬರುತ್ತಾರೆ, ಮಕ್ಕಳೇ. ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತುಗಳು ಅವು. ರೈತರು ಬೈಯುವಷ್ಟು ಕಡಲೆ ಹೊಲ ಮೇಯ್ದು, ಬಿಸಿಲು ಏರುವ ಹೊತ್ತಿಗೆ ತಮ್ಮೂರಿಗೆ ಹಾರಿಹೋಗುತ್ತವೆ.

ಅಂಥ ಒಂದು ಗುಂಪಿನಲ್ಲಿ ಗಂಗಿ ಎಂಬ ಹೆಬ್ಬಾತು ಇತ್ತು. ಹೊರಡುವ ದಿನ ಹತ್ತಿರವಾದಾಗ ಅದು ಕೆರೆಯ ನೀರಿನಲ್ಲಿ ತನ್ನ ನೆರಳು ನೋಡಿಕೊಂಡಿತು. ಹೊಟ್ಟೆ ಗುಂಡಗೆ ಉಬ್ಬಿತ್ತು. ಪಕ್ಕದಲ್ಲೇ ಬೆಳ್ಳಕ್ಕಿಯ ನೆರಳು ಕಡ್ಡಿಯ ಹಾಗೆ ತೆಳ್ಳಗೆ ಬಿದ್ದಿತ್ತು. ಗಂಗಿಗೆ ನಾಚಿಕೆಯಾಯಿತು.

"ಬೆಳ್ಳಕ್ಕ, ನಿನ್ನ ಹಾಗೆ ಸಣ್ಣಗಾಗೋಕೆ ಏನು ಮಾಡಬೇಕು?"

ಬೆಳ್ಳಕ್ಕಿಗೆ 'ಗೊತ್ತಿಲ್ಲ' ಎಂದು ಹೇಳಿ ಅಭ್ಯಾಸವೇ ಇರಲಿಲ್ಲ.

"ಹೊಟ್ಟೆ ತೊಳೀಬೇಕಮ್ಮ. ಕಾಳು ಬೇಡ, ಹುಲ್ಲು ಬೇಡ. ಬೇವಿನ ಎಲೆ ಕಚ್ಚು, ನೀರು ಕುಡಿ. ಒಳಗಿನ ಕೊಳೆಯೆಲ್ಲ ಹೋಗಿ ಮೈ ಹಗುರಾಗುತ್ತೆ. ಹಗುರಾದರೆ ಹಾರೋದೂ ಸುಲಭ."

"ನೀನೂ ಹಾಗೇ ಮಾಡ್ತೀಯಾ?"

"ನನಗೇಕೆ? ನಾನು ಹುಟ್ಟಿದ್ದೇ ಹೀಗೆ" ಎಂದು ಬೆಳ್ಳಕ್ಕಿ ಒಂದು ಮೀನು ನುಂಗಿತು.

ಇಷ್ಟು ಕೇಳಿದ ಮೇಲಾದರೂ ಗಂಗಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಉಳಿದವರು ಹೊಲಕ್ಕೆ ಹೋದಾಗ ಅದು ಬೇವಿನ ಎಲೆ ಕಚ್ಚಿ ಮುಖ ಕಿವುಚಿಕೊಂಡು ಕೂತಿರುತ್ತಿತ್ತು. ಕುತ್ತಿಗೆ ತೂಗಾಡತೊಡಗಿತು, ಕೂತಲ್ಲೇ ತೂಕಡಿಕೆ. ಆದರೂ ನೀರಿನಲ್ಲಿ ನೆರಳು ನೋಡಿದಾಗಲೆಲ್ಲ ಖುಷಿಯೋ ಖುಷಿ.

ಹೊರಡುವ ಮುಂಚೆ ಎಲ್ಲರೂ ಕೆರೆಯ ಸುತ್ತ ಒಮ್ಮೆ ಹಾರಿ ತೋರಿಸಬೇಕು. ಅದು ಆ ಗುಂಪಿನ ಪದ್ಧತಿ. ದೊಡ್ಡಜ್ಜಿ ಎಂಬ ಮುದಿ ಹೆಬ್ಬಾತು ದಂಡೆಯಲ್ಲಿ ನಿಂತು ನೋಡುತ್ತಿತ್ತು. ಗಂಗಿ ಎಲ್ಲರಿಗಿಂತ ಮೊದಲು ಮೇಲಕ್ಕೆ ಚಿಮ್ಮಿತು. ಅರ್ಧ ಸುತ್ತಿಗೇ ರೆಕ್ಕೆ ಸೋತು, ಕಣ್ಣು ಕತ್ತಲಿಟ್ಟು, ದೊಪ್ಪನೆ ಕೆಸರಿಗೆ ಬಿತ್ತು.

ದೊಡ್ಡಜ್ಜಿ ಓಡಿಬಂತು. "ಏನು ತಿಂದಿದ್ದೀಯ?"

"ಬೇವು, ಅಜ್ಜಿ. ಬೊಜ್ಜು ಕರಗಿಸ್ತಿದ್ದೆ."

"ಅಯ್ಯೋ ಹುಚ್ಚಿ, ಅದು ಬೊಜ್ಜಲ್ಲ, ದಾರಿಯ ಬುತ್ತಿ. ಹಿಮದ ಬೆಟ್ಟದ ಮೇಲೆ ಒಂದು ಕಾಳೂ ಸಿಗಲ್ಲ. ಅಲ್ಲಿ ನಮ್ಮನ್ನು ಸಾಕೋದು ಈ ಹೊಟ್ಟೇನೇ. ಬೆಳ್ಳಕ್ಕಿ ಈ ದಂಡೆಯಿಂದ ಆ ದಂಡೆಗೆ ಹಾರಿದರೆ ಮುಗೀತು. ನಿನ್ನ ದಾರಿ ಅಷ್ಟೇನಾ?"

ಬೇಸಿಗೆಗೆ ಈ ಕೆರೆ ಒಣಗುತ್ತದೆ ಎಂದು ಗಂಗಿಗೆ ಗೊತ್ತಿತ್ತು. ಅದು ಅಳುತ್ತಾ ಕೇಳಿತು, "ಹಾಗಾದರೆ ನನ್ನನ್ನು ಬಿಟ್ಟು ಹೋಗ್ತೀರಾ?"

ದೊಡ್ಡಜ್ಜಿ ಕತ್ತೆತ್ತಿ ಆಕಾಶ ನೋಡಿತು. "ಗಾಳಿ ಇನ್ನೂ ತಿರುಗಿಲ್ಲ. ಹುಣ್ಣಿಮೆವರೆಗೆ ಕಾಯಬಹುದು. ನಡಿ, ಹೊಲಕ್ಕೆ."

ಗಂಗಿಗೆ ಹೋದ ಜೀವ ಬಂದಂತಾಯಿತು. ಅಂದಿನಿಂದ ಅದು ಹೊಲದಿಂದ ತಲೆ ಎತ್ತಲಿಲ್ಲ.

"ಮತ್ತೆ ಊದಿಕೊಂಡೆಯಲ್ಲೇ" ಎಂದಿತು ಬೆಳ್ಳಕ್ಕಿ.

"ದೂರ ಹೋಗೋದಿದೆ ಅಕ್ಕ" ಎಂದಿತು ಗಂಗಿ, ಬಾಯಿ ತುಂಬ ಕಡಲೆ ಇಟ್ಟುಕೊಂಡು.

ಹುಣ್ಣಿಮೆ ಕಳೆದು ಗುಂಪು ಹೊರಟಿತು. ಬೆಟ್ಟಗಳ ಮೇಲೆ ಎಲ್ಲೆಲ್ಲೂ ಬಿಳಿ ಹಿಮ, ಕೊರೆಯುವ ಗಾಳಿ. ಗಂಗಿಯ ರೆಕ್ಕೆ ಸೋಲಲಿಲ್ಲ. ಆಚೆಯ ಕೊಳದಲ್ಲಿ ಇಳಿದಾಗ, ಬೇರೆ ಗುಂಪಿನೊಂದಿಗೆ ಮೊದಲೇ ಬಂದಿದ್ದ ಗೆಳತಿ ಹೆಬ್ಬಾತೊಂದು ಬೆರಗಾಗಿ ನೋಡಿತು. "ಗಂಗಿ, ಎಷ್ಟು ತೆಳ್ಳಗಾಗಿದ್ದೀಯೇ!"

"ಅದಿರಲಿ" ಎಂದಿತು ಗಂಗಿ, "ಇಲ್ಲಿ ಒಳ್ಳೆ ಹುಲ್ಲು ಎಲ್ಲಿದೆ, ಮೊದಲು ತೋರಿಸು."

ನೀತಿ: ಬೇರೆಯವರ ಮೈ ನೋಡಿ ನಮ್ಮ ಊಟ ಬಿಡಬಾರದು, ನಮ್ಮ ದಾರಿಗೆ ಎಷ್ಟು ಬಲ ಬೇಕೋ ಅಷ್ಟು ಉಣ್ಣಬೇಕು.