ಎಂಟನೆಯ ಒಗೆತ

“ಗುರುಗಳೇ, ಕಣಜದ ಜೋಳಕ್ಕೆ ಹುಳು ಬೀಳದಂತೆ ಯಾವ ಸೊಪ್ಪು ತಡೆಯುತ್ತದೆ ಎಂದು ಶೋಧಿಸಬೇಕು. ನೆರವು ಕೇಳಿ ದತ್ತಿಯವರಿಗೆ ಮೂರು ಸಲ ಅರ್ಜಿ ಕಳಿಸಿದೆ, ಮೂರು ಸಲವೂ ವಾಪಸು ಬಂತು. ಈಗ ನಲವತ್ತು ಹಾಳೆ ಬರೆದಿದ್ದೇನೆ. ಇನ್ನೇನು ಸೇರಿಸಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಹಾಳೆಯ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ಅವನು ಹಾಕಿದ ಕೆಂಪು ಮೊದಲ ಒಗೆತಕ್ಕೇ ಬಿಡುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ಊರಿನ ದಾರಿ ಹಿಡಿದರು. ಇನ್ನೊಂದು ವರ್ಷ ಹೀಗೇ ಹೋದರೆ ಹಂಡೆ ಮಗುಚಿಡಬೇಕಿತ್ತು. ಬಿಡದ ಕೆಂಪನ್ನು ಹುಡುಕುತ್ತೇನೆ, ನೆರವು ಕೊಡಿ ಎಂದು ಅವನು ಒಬ್ಬ ಜವಳಿ ವರ್ತಕನಿಗೆ ಉದ್ದದ ಅರ್ಜಿ ಬರೆದುಕೊಂಡು ಹೋದ.

ವರ್ತಕ ಪೂರ್ತಿ ಓದಿದ. “ಕೆಂಪು ಬಂದೇ ಬರುತ್ತದೆ ಅಂತ ಬರೆದಿದ್ದೀ. ಬಂದ ಮೇಲೆ ಸೀರೆ ತಾ, ಕೊಳ್ಳುತ್ತೇನೆ. ಬರುವುದು ಗೊತ್ತಿದ್ದರೆ ಹುಡುಕುವುದು ಯಾಕೆ? ಮಿಕ್ಕ ಹಾಳೆ ತುಂಬ ನಮ್ಮಜ್ಜನ ಹೊಗಳಿಕೆ. ಅಜ್ಜನನ್ನು ನಾನು ಕಂಡಿದ್ದೇನೆ ಮಾರಾಯ, ಅಷ್ಟೇನೂ ಒಳ್ಳೆಯವನಲ್ಲ.”

ಬಣ್ಣಗಾರ ಮನೆಗೆ ಬಂದ. ಒಂದು ತಿಂಗಳು ಬಿಟ್ಟು ಮತ್ತೆ ಹೋದ. ಈ ಸಲ ಅರ್ಜಿ ಇರಲಿಲ್ಲ, ಎರಡು ಚಿಂದಿ ಇದ್ದವು.

“ಶೆಟ್ಟರೇ, ಎರಡೂ ಒಂದೇ ಬಟ್ಟೆಯಲ್ಲಿ ಹರಿದದ್ದು. ಬಣ್ಣದ ಬೇರು ಒಂದೇ, ಬೆಂಕಿ ಒಂದೇ, ನೀರು ಮಾತ್ರ ಬೇರೆ. ಇದು ನಮ್ಮ ಮನೆ ಬಾವಿಯದು, ಮೊದಲ ಒಗೆತಕ್ಕೆ ಬಿಟ್ಟಿತು. ಇದು ಕೆರೆ ಕೆಳಗಿನ ಬಾವಿಯದು, ಏಳು ಒಗೆತ ತಡೆದು ಎಂಟಕ್ಕೆ ಕೈಕೊಟ್ಟಿತು. ಸುತ್ತಮುತ್ತ ಇನ್ನೂ ಆರು ಬಾವಿ ಇವೆ. ನಾಲ್ಕು ತಿಂಗಳಿಗೆ ಬೇರು, ಸೌದೆ, ನೀರು ತರಲು ಒಂದು ಬಂಡಿ ಬೇಕು.”

“ಆರರಲ್ಲೂ ಬರದಿದ್ದರೆ?”

“ತಪ್ಪು ನೀರೊಂದರದೇ ಅಲ್ಲ ಅಂತ ಗೊತ್ತಾಗುತ್ತದೆ. ಹೊಸ ಬಾವಿ ತೋಡಿಸಿ ಅಂತ ನಿಮ್ಮ ತಲೆ ತಿನ್ನುವುದಂತೂ ತಪ್ಪುತ್ತದೆ.”

ವರ್ತಕ ಗಟ್ಟಿಯಾಗಿ ನಕ್ಕ. ಎಂಟನೆಯ ಒಗೆತದ ಚಿಂದಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಟ್ಟುಕೊಂಡು, ಬಂಡಿ ಹೂಡಲು ಆಳಿಗೆ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಕೊನೆಗೆ ಕೆಂಪು ಬಂತೇ?”

“ಐದನೆಯ ಬಾವಿಯಲ್ಲಿ ಬಂತು” ಎಂದ ಗುರುಗಳು ಹಾಳೆಯ ಕಟ್ಟನ್ನು ಅವನ ಕಡೆ ಸರಿಸಿದರು. “ಇದರೊಳಗಿಂದ ಹುಳು ತಿಂದ ಕಾಳೊಂದು, ಹುಳು ಮುಟ್ಟದ ಕಾಳೊಂದು ತೆಗೆದು ತೋರಿಸಪ್ಪ.”