ಲಾಲಸಾಬ ಮಾಸ್ತರಿಗೆ ಕೊಟ್ಟ ಕಾಣಿಕೆ

ಒಂದೂರಾಗ ಕಲ್ಲವ್ವ ಅಂತ ಒಬ್ಬ ಮುದುಕಿ. ಅವಳಿಗೊಬ್ಬ ಮಗ, ಹುಚ್ಚೀರ. ಎತ್ತಿನಂಥ ಮೈ, ಹಾಲುಗೂಸಿನಂಥ ಬುದ್ಧಿ. ಹೆಂಡತಿ ಸತ್ತಿದ್ದಳು, ಮಗಳು ನೀಲಿ ಸಾಲಿಗೆ ಹೋಗುತ್ತಿದ್ದಳು.

ಸಾಲಿ ಕಲಿಸುವವರು ಲಾಲಸಾಬ ಮಾಸ್ತರು, ಒಂಟಿ ಜೀವ. ಹುಚ್ಚೀರನನ್ನು "ಬಾರಪ್ಪಾ, ಕೂಡು" ಅಂತ ಪಕ್ಕದಲ್ಲಿ ಕೂರಿಸಿಕೊಳ್ಳುವವರು ಊರಿಗೆಲ್ಲ ಅವರೊಬ್ಬರೇ.

ಮಕ್ಕಳ ತಾಯಿತಂದೆ ಎಲ್ಲ ಸೇರಿ ಮಾತಾಡಿದರು. "ಮಾಸ್ತರು ನಮ್ಮ ಮಕ್ಕಳ ಕಣ್ಣು ತೆರಸ್ಯಾರ. ಪಾಳಿ ಮ್ಯಾಲೆ ಮನಿಗೊಂದು ಕಾಣಿಕೆ ಕೊಡೂಣು."

ಕಲ್ಲವ್ವನ ಪಾಳಿ ಬಂತು. ಹಾಲು ಕಾಸಿದಳು. "ಮಾಸ್ತರ ಕೈಯಾಗ ಕೊಟ್ಟು ಬಾರೋ."

ಹುಚ್ಚೀರ ಹೋದ. "ಕೈ ಒಡ್ಡ್ರಿ!" ಅಂದ. ಒಡ್ಡಿದರು. ಸುಡುಸುಡು ಹಾಲು ಅಂಗೈ ಮೇಲೆ ಸುರಿದ!

"ಅಯ್ಯೋ ನನ್ನ ಹಣೆಬರವೇ!" ಕಲ್ಲವ್ವ ಎದಿ ಬಡಕೊಂಡಳು. "ಗಡಗಿಯೊಳಗ ಹಾಕಿ, ಬಾಯಿ ಬಿಗಿಯಾಗಿ ಮುಚ್ಚಿ ಇಟ್ಟು ಬರಬೇಕಿತ್ತೋ!"

"ಹೂಂ ಅವ್ವಾ."

ಮತ್ತೆ ಪಾಳಿ ಬಂತು. ತತ್ತಿ ಇಡುವ ಕೋಳಿ ಕೊಟ್ಟಳು. ಹುಚ್ಚೀರ ಗಡಗಿಯೊಳಗ ತುರುಕಿದ, ಬಾಯಿ ಬಿಗಿಯಾಗಿ ಮುಚ್ಚಿದ, ಇಟ್ಟು ಬಂದ. ಸಂಜಿಗೆ ಮಾಸ್ತರು ತೆಗೆದು ನೋಡಿದರೆ ಕೋಳಿ ಸತ್ತಿತ್ತು.

"ಕೊಂದೆಲ್ಲೋ! ಹಗ್ಗ ಕಟ್ಟಿ ನಡಸಿಕೊಂಡು ಹೋಗಬೇಕಿತ್ತೋ!"

"ಹೂಂ ಅವ್ವಾ."

ಮುಂದಿನ ಪಾಳಿಗೆ ಹೊಸ ರುಮಾಲು. ಹಗ್ಗ ಕಟ್ಟಿದ, "ನಡಿ, ನಡಿ" ಅಂತ ಕೆಸರಾಗ ಎಳೆದ. ಮಾಸ್ತರ ಬಾಗಿಲಿಗೆ ಚಿಂದಿ ಮುಟ್ಟಿತು. ಮಾಸ್ತರು ಬೈಯಲಿಲ್ಲ. ಸುಟ್ಟ ಕೈಯಿಂದಲೇ ತೊಳೆದು ಒಣಹಾಕಿದರು.

ಕಲ್ಲವ್ವ ಬೈದಳು. "ಹೆಗಲ ಮ್ಯಾಲೆ ಹೊರಬೇಕೋ! ಮನಿ ಮುಟ್ಟೂತನಕ ನೆಲಕ್ಕ ತಾಗಿಸಬಾರದು! ಯಾರು ಕೇಳಿದರೂ ಕೊಡಬಾರದು!"

"ಹೂಂ ಅವ್ವಾ."

ಮಾಸ್ತರಿಗೆ ಜ್ವರ ಬಂತು. ಮೂರು ದಿನ ಕಣ್ಣು ತೆರೆಯಲಿಲ್ಲ. ವೈದ್ಯರು ಹಳ್ಳದ ಆಚೆಯ ಊರಲ್ಲಿ. ಬಂಡಿ ಹೋಗುವ ಹಾದಿಯಲ್ಲ. ತಾಯಿತಂದೆ ಎಲ್ಲ ಸೇರಿದರು.

"ಪಾಳಿ ಯಾರದು?"

"ಕಲ್ಲವ್ವಂದು."

ಎಲ್ಲರೂ ತಮ್ಮ ತಮ್ಮ ಮನೆಗೆ ಹೋದರು.

"ವೈದ್ಯರ ಕಡೆ ಒಯ್ಯೋ, ನನ್ನಪ್ಪಾ," ಅಂದಳು ಕಲ್ಲವ್ವ. ಹುಚ್ಚೀರ ಮಾಸ್ತರನ್ನು ಹೆಗಲಿಗೇರಿಸಿದ. ಹಳ್ಳ ದಾಟಿದ.

"ಕಟ್ಟಿ ಮ್ಯಾಲೆ ಮಲಗಸಪ್ಪಾ," ಅಂದರು ವೈದ್ಯರು.

"ಊಹೂಂ. ಮನಿ ಮುಟ್ಟೂತನಕ ನೆಲಕ್ಕ ತಾಗಿಸಬಾರದು."

"ನನ್ನ ಕೈಗಾದರೂ ಕೊಡು!"

"ಊಹೂಂ! ಯಾರು ಕೇಳಿದರೂ ಕೊಡಬಾರದು!"

ಹುಚ್ಚೀರ ಬಂದ ದಾರಿಯಲ್ಲೇ ಮನೆ ಕಡೆ ತಿರುಗಿದ. ವೈದ್ಯರು ಕಷಾಯದ ಬಟ್ಟಲು ಹಿಡಿದು ಹಿಂದೆ ಓಡಿದರು. ಬೆನ್ನ ಮೇಲೆ ಜೋತಿದ್ದ ಬಾಯಿಗೆ ಹನಿ ಮದ್ದು ಇಳಿಯಲಿಲ್ಲ. ಹುಚ್ಚೀರ ನಡೆದೇ ನಡೆದ. ಹೆಗಲು ಬಿರಿಯುತ್ತಿತ್ತು, ಇಳಿಸಲಿಲ್ಲ. ಕಾಲಿಗೆ ಮುಳ್ಳು ನೆಟ್ಟಿತು, ನಿಲ್ಲಲಿಲ್ಲ.

"ಅವ್ವಾ! ಎಲ್ಲೂ ನೆಲಕ್ಕ ತಾಗಿಸಿಲ್ಲ! ಯಾರಿಗೂ ಕೊಟ್ಟಿಲ್ಲ!"

ಕಲ್ಲವ್ವ ಮಾಸ್ತರ ಕೈ ಮುಟ್ಟಿದಳು. ತಣ್ಣಗಿತ್ತು. ಅವತ್ತು ಅವಳು ಬೈಯಲಿಲ್ಲ.

"ಇಳಸೋ," ಅಂದಳು.

ಹುಚ್ಚೀರ ಇಳಿಸಿದ. ಮರುದಿನ ಊರೆಲ್ಲ ಕೂಡಿ ಕುಣಿ ತೋಡಿ ಮಾಸ್ತರನ್ನು ಮಣ್ಣು ಮಾಡಿದರು. ಎಲ್ಲರೂ ಹೋದ ಮೇಲೆ ಹುಚ್ಚೀರ ಅಲ್ಲೇ ಕುಂತ.

"ಏಳೋ, ಮನಿಗೆ ಹೋಗೂಣು," ಅಂದಳು ಕಲ್ಲವ್ವ.

"ತಡಿ ಅವ್ವಾ. ಮಾಸ್ತರು 'ಬಾರಪ್ಪಾ, ಕೂಡು' ಅಂತಿದ್ದರು. ಏಳು ಅಂತ ಇನ್ನೂ ಅಂದಿಲ್ಲ."